ಅಪ್ಪನ ಕ್ಯಾಸೆಟ್‌ಗಳು ಅವ್ವನ ಟಿವಿಗೆ ಬಂದದ್ದು

ಮನೆಯ ವಿಡಿಯೊ ಎಡಿಟ್ ಮಾಡಲು ಕೂತವರು ಬಹಳಷ್ಟು ಸಲ ಮೊದಲು ಹುಡುಕುವುದು ಹಿನ್ನೆಲೆಗೆ ಒಂದು ಹಾಡು. ಮದುವೆ ವಿಡಿಯೊಗಳಿಂದ ಬಂದ ರೂಢಿ ಅದು. ಅಪ್ಪ 2002ರಿಂದ ಏಳೆಂಟು ವರ್ಷ ವಿಡಿಯೊ ಕ್ಯಾಮೆರಾದಲ್ಲಿ ತೆಗೆದಿದ್ದ ಮಿನಿಡಿವಿ (ಪುಟ್ಟ ಡಿಜಿಟಲ್ ಟೇಪು) ಕ್ಯಾಸೆಟ್‌ಗಳನ್ನು ಡಿವಿಡಿಗೆ ಇಳಿಸುವಾಗ ನಾನು ಒಂದೂ ಹಾಡು ಹಾಕಲಿಲ್ಲ. ಚಿತ್ರ ಮಸುಕಾಗಿರಲಿ, ಕೈ ನಡುಗಿರಲಿ, ಮನೆಮಂದಿ ಕಾದು ಕೂರುವುದು ಹೋದವರ ದನಿ ಕೇಳಲು. ಧಾರವಾಡದ ನಮ್ಮ ಮನೆಯಲ್ಲಿ ಈ ಕೆಲಸ ಹೇಗೆ ನಡೆಯಿತೆಂದು ಬರೆಯುತ್ತಿದ್ದೇನೆ. ಟ್ರಂಕಿನಲ್ಲಿ ಇಂಥ ಕ್ಯಾಸೆಟ್ ಇಟ್ಟುಕೊಂಡವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ.

ಮೊದಲು ಕ್ಯಾಸೆಟ್ ನೋಡಬೇಕು. ಧಾರವಾಡದ ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಟೇಪು ಕಾಣುವ ಪುಟ್ಟ ಕಿಟಕಿಯಲ್ಲಿ ಬಿಳಿ ಪುಡಿ ಕಂಡ ಕ್ಯಾಸೆಟ್ಟನ್ನು ಕ್ಯಾಮೆರಾಕ್ಕೆ ಹಾಕಲೇ ಇಲ್ಲ. ಆ ಪುಡಿ ಕ್ಯಾಮೆರಾದೊಳಗೆ ಟೇಪು ಓದುವ ಹೆಡ್ಡಿಗೆ ಅಂಟಿದರೆ ಉಳಿದ ಕ್ಯಾಸೆಟ್‌ಗಳೂ ಕೆಡುತ್ತವೆ. ಚೆನ್ನಾಗಿದ್ದವನ್ನು ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಿದೆ. ವರ್ಷಗಟ್ಟಲೆ ಒಂದೇ ಕಡೆ ಬಿದ್ದಿದ್ದ ಟೇಪಿನ ಬಿಗಿ ಇದರಿಂದ ಸಮ ಆಗುತ್ತದೆ. ಎಲ್‌ಪಿ ಮೋಡಿನಲ್ಲಿ (ಟೇಪನ್ನು ನಿಧಾನ ಓಡಿಸಿ ಹೆಚ್ಚು ಹೊತ್ತು ಹಿಡಿಯುವ ರೀತಿ) ತೆಗೆದ ಕ್ಯಾಸೆಟ್ ಬೇರೆ ಕ್ಯಾಮೆರಾದಲ್ಲಿ ಸರಿಯಾಗಿ ಓಡದೇ ಇರಬಹುದು, ಹಾಗಾಗಿ ಅಪ್ಪನ ಹಳೆಯ ಕ್ಯಾಮೆರಾವನ್ನೇ ಸರಿ ಮಾಡಿಸಿದೆ.

ಕ್ಯಾಮೆರಾದಿಂದ ಕಂಪ್ಯೂಟರಿಗೆ ತರುವಾಗ ಹಳದಿ, ಬಿಳಿ, ಕೆಂಪು ವೈರುಗಳ ಗೊಡವೆಗೆ ಹೋಗಬೇಡಿ. ಮಿನಿಡಿವಿಯಲ್ಲಿ ಇರುವುದೇ ಡಿಜಿಟಲ್ ಚಿತ್ರ. ಫೈರ್‌ವೈರ್ ಎಂಬ ಡಿಜಿಟಲ್ ಕೇಬಲ್ಲಿನಲ್ಲಿ ತಂದರೆ ಟೇಪಿನ ಮೇಲಿನ ಅಂಕಿಗಳೇ ಹಾಗ್ಹಾಗೇ ನಕಲಾಗುತ್ತವೆ. ಹುಬ್ಬಳ್ಳಿಯಲ್ಲಿ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಸಾಮಾನು ಮಾರುವವರ ಹತ್ತಿರ ಒಂದು ಫೈರ್‌ವೈರ್ ಕಾರ್ಡು, ಒಂದು ತುದಿಗೆ ನಾಲ್ಕು ಪಿನ್ನು, ಇನ್ನೊಂದು ತುದಿಗೆ ಆರು ಪಿನ್ನು ಇರುವ ಕೇಬಲ್ಲು ಸಿಕ್ಕಿದವು. ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ ಟೇಪಿನ ಚಿತ್ರವನ್ನು ಫೈಲಾಗಿ ಇಳಿಸುವ ಡಿವಿಗ್ರ್ಯಾಬ್ ತಂತ್ರಾಂಶ ಓಡಿಸಿದೆ. ಒಂದು ತಾಸಿನ ಕ್ಯಾಸೆಟ್ಟಿಗೆ ಒಂದು ತಾಸೇ ಬೇಕು, ಸುಮಾರು 13 ಜಿಬಿ ಜಾಗ ಬೇಕು.

ಡಿವಿಗ್ರ್ಯಾಬ್‌ನ ಒಂದು ಗುಣ ನನಗೆ ಬಹಳ ಹಿಡಿಸಿತು. ಆ ಆಯ್ಕೆ ಕೊಟ್ಟರೆ ರೆಕಾರ್ಡ್ ಬಟನ್ ಒತ್ತಿದಲ್ಲೆಲ್ಲ ಅದು ಬೇರೆ ಫೈಲು ಮಾಡುತ್ತದೆ, ಫೈಲಿನ ಹೆಸರಿಗೆ ಚಿತ್ರ ತೆಗೆದ ತಾರೀಖು, ವೇಳೆ ಹಚ್ಚುತ್ತದೆ. ಟೇಪಿನಲ್ಲಿ ಚಿತ್ರದ ಜೊತೆಗೇ ಅದೂ ದಾಖಲಾಗಿರುತ್ತದೆ. ಅಪ್ಪ ಕ್ಯಾಮೆರಾದ ಗಡಿಯಾರ ಸರಿ ಇಟ್ಟಿದ್ದರು. ಹೊಲದಲ್ಲಿ ಚರಗ ಚೆಲ್ಲುವ ಚಿತ್ರ ಯಾವ ವರ್ಷದ್ದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫೈಲಿನ ಹೆಸರಿನಲ್ಲಿ 2004ರ ಅಕ್ಟೋಬರ್ ಎಂದು ಬಂತು. ಆ ಸಲದ ಸೀಗಿ ಹುಣ್ಣಿಮೆ.

ಎಡಿಟಿಂಗಿಗೆ ಕೆಡೆನ್‌ಲೈವ್ ಬಳಸಿದೆ. ಪ್ರಾಜೆಕ್ಟ್ ನಮ್ಮ ದೇಶದ ಹಳೆಯ ಟಿವಿ ಪದ್ಧತಿಯಾದ ಪಾಲ್‌ನದೇ ಇರಬೇಕು: 720×576, ಸೆಕೆಂಡಿಗೆ 25 ಫ್ರೇಮು. ನೆಲ ತೋರಿಸುತ್ತ ನಡೆದದ್ದು, ಲೆನ್ಸಿನ ಮುಚ್ಚಳ ಹಾಕಿಯೇ ತೆಗೆದದ್ದು, ಎರಡೆರಡು ಸಲ ಜೂಮ್ ಮಾಡಿದ್ದು, ಇವನ್ನು ತೆಗೆದು ಹಾಕಿದೆ. ಆದರೆ ಚಿತ್ರ ಬೇಡವಾದರೂ ಮಾತು ಬೇಕಾದ ಕಡೆ ಚಿತ್ರವನ್ನಷ್ಟೇ ಕತ್ತರಿಸಿ ದನಿಯನ್ನು ಮುಂದಿನ ಚಿತ್ರದ ಮೇಲೆ ಓಡಲು ಬಿಟ್ಟೆ.

ಆಯಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಒಂದು ತುಣುಕು ಇದೆ. ಹೊಗೆ, ಕತ್ತಲು, ಚಿತ್ರ ಹೆಚ್ಚೇನೂ ಕಾಣುವುದಿಲ್ಲ. ಅಂಗೈಯ ಸಪ್ಪಳ ಮಾತ್ರ ಒಂದೇ ತಾಳದಲ್ಲಿ ಬರುತ್ತಿರುತ್ತದೆ. ನಡುವೆ ಸಪ್ಪಳ ನಿಲ್ಲುತ್ತದೆ. "ಏ ತಮ್ಮಾ, ಹಂಗ ತಗೀಬ್ಯಾಡೋ, ಸೀರಿ ಬದಲ್ಸಿ ಬರ್ತೀನಿ ತಡಿ" ಅನ್ನುತ್ತಾಳೆ. ಅಪ್ಪ ನಗುತ್ತಾರೆ. ಸಪ್ಪಳ ಮತ್ತೆ ಶುರುವಾಗುತ್ತದೆ. "ಇಷ್ಟುದ್ದ ಯಾಕ, ಒಂದಿಷ್ಟು ಕಡಿಮಿ ಮಾಡು" ಎಂದು ತಂಗಿ ಅಂದಳು. ಆ ತುಣುಕಿನಲ್ಲಿ ಒಂದು ಸೆಕೆಂಡನ್ನೂ ನಾನು ಮುಟ್ಟಲಿಲ್ಲ. ಸಪ್ಪಳ ನಿಂತು ಮತ್ತೆ ಶುರುವಾಗುವ ಹೊತ್ತನ್ನು ಗಿಡ್ಡ ಮಾಡಿದರೆ ಅದು ಆಯಿಯ ರೊಟ್ಟಿ ಆಗುವುದಿಲ್ಲ. ಹೊಲದ ಗಾಳಿ ಗೊರಗುಟ್ಟುವ ಕಡೆ ಮಾತ್ರ 100 ಹರ್ಟ್ಸ್‌ಗಿಂತ ಕೆಳಗಿನ ದನಿ ತಗ್ಗಿಸಿದೆ, ಮೆಲ್ಲಗೆ ಮಾತಾಡಿದ್ದನ್ನು ಸ್ವಲ್ಪ ಏರಿಸಿದೆ, ಅಷ್ಟೇ. ನಮ್ಮ ಕ್ಯಾಮೆರಾ ದನಿಯನ್ನು 32 ಕಿಲೋಹರ್ಟ್ಸ್‌ನಲ್ಲಿ ಹಿಡಿದಿತ್ತು. ಡಿವಿಡಿಗೆ ಅದನ್ನು 48ಕ್ಕೆ ಬದಲಿಸಲೇಬೇಕು.

ಇನ್ನೊಂದು ಸೂಕ್ಷ್ಮವಿದೆ. ಈ ಕ್ಯಾಮೆರಾಗಳು ಒಂದು ಫ್ರೇಮನ್ನು ಎರಡು ಫೀಲ್ಡಾಗಿ, ಗೆರೆ ಬಿಟ್ಟು ಗೆರೆ ಹಿಡಿಯುತ್ತವೆ. ಮಿನಿಡಿವಿ ಟೇಪಿನ ಡಿವಿ ಚಿತ್ರದಲ್ಲಿ ಕೆಳಗಿನ ಫೀಲ್ಡ್ ಮೊದಲು. ಅದನ್ನು ಡಿವಿಡಿಗೆ ಬೇಕಾದ ಎಂಪೆಗ್-2 ಫೈಲು ಮಾಡುವಾಗ ಈ ಕ್ರಮ ಅದಲುಬದಲಾದರೆ ಓಡುವುದೆಲ್ಲ ಹಿಂದೆ ಮುಂದೆ ಜಿಗಿದಂತೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಇದು ಗೊತ್ತಾಗದೇ ಇರಬಹುದು. ಅದಕ್ಕೆ ಕಾರಹುಣ್ಣಿಮೆಯ ಕರಿ ಹರಿಯುವ ಚಿತ್ರವನ್ನು, ಎತ್ತುಗಳು ಅಡ್ಡಲಾಗಿ ಓಡುವ ಭಾಗವನ್ನು, ಮತ್ತೆ ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂಗೆ ಹಾಕಿ ಟಿವಿಯಲ್ಲೇ ಪರೀಕ್ಷೆ ಮಾಡಿದೆ. ಎತ್ತಿನ ಕಾಲು ಸರಾಗ ಓಡಿದ ಮೇಲೆ ಉಳಿದದ್ದಕ್ಕೆ ಕೈ ಹಾಕಿದೆ.

ಒಂದು ಡಿಸ್ಕಿಗೆ ಎಷ್ಟು ತುಂಬಬೇಕು? 4.7 ಜಿಬಿ ಡಿಸ್ಕಿನಲ್ಲಿ ಒಂದೂವರೆ ತಾಸು ಹಾಕಿದರೆ ದನಿಯ ಪಾಲು ಕಳೆದು ಚಿತ್ರಕ್ಕೆ ಸೆಕೆಂಡಿಗೆ ಆರೂವರೆ ಮೆಗಾಬಿಟ್‌ನಷ್ಟು ಸಿಗುತ್ತದೆ. ಎರಡು ತಾಸು ತುರುಕಿದರೆ ಐದಕ್ಕಿಂತ ಕೆಳಗೆ ಇಳಿಯುತ್ತದೆ. ಕೈಯಲ್ಲಿ ಹಿಡಿದು ತೆಗೆದ ಚಿತ್ರ ಅಲ್ಲಾಡುತ್ತಲೇ ಇರುವುದರಿಂದ ಅದಕ್ಕೆ ಹೆಚ್ಚು ಬಿಟ್ ಬೇಕು. ಕಡಿಮೆಯಾದರೆ ಮುಖಗಳು ಚೌಕ ಚೌಕ ಒಡೆಯುತ್ತವೆ. ನಾನು ಒಂದೂವರೆ ತಾಸು ದಾಟಲಿಲ್ಲ.

ಡಿವಿಡಿಸ್ಟೈಲರ್‌ನಲ್ಲಿ ಮೆನು ಮಾಡಿದೆ. "ಆಯಿ", "ಸೀಗಿ ಹುಣ್ಣಿಮೆ", "ಕಾಕಾನ ಲಗ್ನ" ಎಂದು ದಪ್ಪ ಅಕ್ಷರದ ಗುಂಡಿಗಳು. ತೆಳು ಅಕ್ಷರ ಹಳೆಯ ಟಿವಿಯಲ್ಲಿ ಮಿಣುಕುತ್ತದೆ, ಅಂಚಿಗೆ ಹತ್ತಿರ ಇಟ್ಟರೆ ಒತ್ತಕ್ಷರ ಕತ್ತರಿಸಿ ಹೋಗುತ್ತದೆ. ಪೆನ್‌ಡ್ರೈವಿನ ಫೋಲ್ಡರುಗಳಲ್ಲಿ ತಡಕಾಡುವುದು ಅವ್ವನಿಗೆ ಆಗದ ಮಾತು. ಡಿಸ್ಕ್ ಹಾಕಿ ರಿಮೋಟಿನ ಒಂದು ಗುಂಡಿ ಒತ್ತಿದರೆ ಬೇಕಾದವರು ಬರಬೇಕು. ಡಿವಿಡಿಯೇ ಯಾಕೆಂದರೆ ಅದಕ್ಕೇ.

ಬರ್ನ್ ಮಾಡುವಾಗ 16ಎಕ್ಸ್ ಡಿಸ್ಕಿಗೂ 8ಎಕ್ಸ್ ವೇಗ ಇಟ್ಟೆ, ಮುಗಿದ ಮೇಲೆ ವೆರಿಫೈ ಮಾಡಿಸಿದೆ. ಮೇಲೆ ಕಾಗದದ ಚೀಟಿ ಅಂಟಿಸಲಿಲ್ಲ, ತಿರುಗುವಾಗ ತೂಕ ಒಂದು ಕಡೆ ವಾಲುತ್ತದೆ. ಸಿಡಿ ಮಾರ್ಕರಿನಲ್ಲಿ ಹೆಸರು ಬರೆದರೆ ಸಾಕು.

ಡಿಸ್ಕ್ ನೋಡಲಿಕ್ಕೆ, ಇಡಲಿಕ್ಕೆ ಅಲ್ಲ. ಮೂಲ ಡಿವಿ ಫೈಲುಗಳು ಎರಡು ಹಾರ್ಡ್‌ಡಿಸ್ಕಿನಲ್ಲಿವೆ, ಒಂದು ನಮ್ಮಲ್ಲಿ, ಇನ್ನೊಂದು ಹುಬ್ಬಳ್ಳಿಯ ತಂಗಿಯ ಮನೆಯಲ್ಲಿ. ಗದಗಿನ ಕಾಕಾನ ಹತ್ತಿರ ಇದಕ್ಕಿಂತ ಹಳೆಯ ವಿಡಿಯೊ8 ಕ್ಯಾಸೆಟ್‌ಗಳಿವೆ. ಅವನ್ನೂ ಫೈರ್‌ವೈರ್‌ನಲ್ಲಿ ತರಬೇಕೆಂದರೆ ಹಳೆಯ ಅನಲಾಗ್ ಟೇಪು ಓಡಿಸುವ ಡಿಜಿಟಲ್8 ಕ್ಯಾಮೆರಾ ಬೇಕು, ಎಲ್ಲ ಮಾಡೆಲ್ಲೂ ಓಡಿಸುವುದಿಲ್ಲ. ಅಂಥದ್ದೊಂದನ್ನು ಈ ಮಳೆಗಾಲಕ್ಕೆ ಮೊದಲೇ ಹುಡುಕಬೇಕಾಗಿದೆ.