ವಾಡಿಂಗ್ಟನ್‌ನ ಹಳೆಯ ಗಡಿ ನೋಡುವುದು ಹೇಗೆ?

ಇಂಗ್ಲೆಂಡಿನ ಉತ್ತರದಲ್ಲಿರುವ ವಾಡಿಂಗ್ಟನ್ ಹಳ್ಳಿಗೆ ಹೋದವರು ಊರ ನಡುವೆ ಹರಿಯುವ ತೊರೆ, ಪಕ್ಕದ ಹೂದೋಟ ನೋಡಿ, ನಾಲ್ಕು ಫೋಟೊ ತೆಗೆದುಕೊಂಡು ವಾಪಸ್ ಬಂದುಬಿಡುತ್ತಾರೆ. ತೋಟ ಚೆಂದವೇ. ಆದರೆ ನನಗೆ ಈ ಊರು ಶುರುವಾಗುವುದು ಸುಮಾರು ಒಂದು ಮೈಲಿ ಮೊದಲೇ, ರಿಬಲ್ ಹೊಳೆಯ ನಡುವೆ. 1974ರ ಏಪ್ರಿಲ್ 1ಕ್ಕೆ ಮುಂಚೆ ಈ ಹೊಳೆಯೇ ಎರಡು ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಗಡಿ: ಕ್ಲಿದರೋ ಪಟ್ಟಣದ ಕಡೆ ಲ್ಯಾಂಕಾಶೈರ್, ವಾಡಿಂಗ್ಟನ್ ಕಡೆ ಯಾರ್ಕ್‌ಶೈರ್‌ನ ಪಶ್ಚಿಮ ಭಾಗವಾದ ವೆಸ್ಟ್ ರೈಡಿಂಗ್. ಈಗ ಎರಡೂ ಲ್ಯಾಂಕಾಶೈರ್.

ಹೊರಡುವ ಮುಂಚೆ ಮನೆಯಲ್ಲೇ ಹಳೆಯ ನಕ್ಷೆ ನೋಡಿಕೊಳ್ಳಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಹಳೆಯ ನಕ್ಷೆಗಳು ಪುಕ್ಕಟೆ ಸಿಗುತ್ತವೆ. ಮೈಲಿಗೆ ಆರು ಇಂಚು ಅಳತೆಯ ನಕ್ಷೆ ತೆಗೆದು ಕ್ಲಿದರೋ ಹತ್ತಿರ ಹೊಳೆಯ ಮೇಲೆ ಬೆರಳಾಡಿಸಿ. ಆ ನಕ್ಷೆಗಳಲ್ಲಿ 'ಸಿ.ಆರ್.' ಅಂತ ಇದ್ದರೆ ಸೆಂಟರ್ ಆಫ್ ರಿವರ್, ಅಂದರೆ ಗಡಿ ಹೊಳೆಯ ನಟ್ಟನಡುವೆ. ಇದು ಗೊತ್ತಿಲ್ಲದೆ ಮೊದಲ ಸಲ ನಾನು ಗಡಿಕಲ್ಲು ಹುಡುಕುತ್ತಾ ದಡದಲ್ಲೇ ಅರ್ಧ ದಿನ ಕಳೆದೆ.

ಮ್ಯಾಂಚೆಸ್ಟರ್ ವಿಕ್ಟೋರಿಯಾದಿಂದ ಕ್ಲಿದರೋಗೆ ರೈಲಿದೆ. ಅಲ್ಲಿಂದ ನಡೆದೇ ಹೋಗಿ, ಕಾರಿನಲ್ಲಿ ಹೋದರೆ ಹೊಳೆ ದಾಟಿದ್ದೇ ತಿಳಿಯುವುದಿಲ್ಲ. ವಾಡಿಂಗ್ಟನ್ ರಸ್ತೆ ಹಿಡಿದರೆ ಬ್ರಂಜರ್ಲಿ ಸೇತುವೆ ಬರುತ್ತದೆ. ವಾಹನ ನೋಡಿಕೊಂಡು ಸೇತುವೆಯ ನಡುವೆ ನಿಂತು ಕೆಳಗೆ ನೋಡಿ. ಮಳೆ ಬಂದ ಮಾರನೇ ದಿನ ನೀರು ಹಾಲು ಹಾಕದ ಟೀ ಬಣ್ಣಕ್ಕಿರುತ್ತದೆ. ಮೇಲಿನ ಜೌಗು ಗುಡ್ಡಗಳ ಬಣ್ಣ ಅದು. ನಿಮ್ಮ ಕಾಲಡಿಯಲ್ಲೇ ಗಡಿ.

ಸೇತುವೆಗೆ ಮುಂಚೆ ಇಲ್ಲಿ ದಾಟುಗಲ್ಲುಗಳಿದ್ದವು. ಊರವರ ಮಾತಿನಲ್ಲಿ ಅವು 'ಹಿಪಿಂಗ್ಸ್'. 1465ರಲ್ಲಿ, ಪಟ್ಟ ಕಳೆದುಕೊಂಡು ತಲೆಮರೆಸಿಕೊಂಡಿದ್ದ ಇಂಗ್ಲೆಂಡಿನ ದೊರೆ ಆರನೇ ಹೆನ್ರಿಯನ್ನು ಹಿಡಿಯಲು ಊರಿನ ದೊಡ್ಡ ಮನೆ ವಾಡಿಂಗ್ಟನ್ ಹಾಲ್‌ಗೆ ಜನ ನುಗ್ಗಿದರು. ದೊರೆ ಹೇಗೋ ತಪ್ಪಿಸಿಕೊಂಡು ಓಡಿದ. ಕೊನೆಗೆ ಈ ಕಲ್ಲುಗಳ ಹತ್ತಿರವೇ ಸಿಕ್ಕಿಬಿದ್ದ. ಯಾರ್ಕ್‌ಶೈರ್‌ನಿಂದ ಓಡಿದವನನ್ನು ಲ್ಯಾಂಕಾಶೈರ್‌ನಲ್ಲಿ ಹಿಡಿದು ಲಂಡನ್ ಟವರ್‌ಗೆ ಒಯ್ದರು. ಇದನ್ನು ನೆನೆದಾಗಲೆಲ್ಲ ನನಗೆ ಆ ತಣ್ಣನೆ ನೀರು, ಜಾರುವ ಕಲ್ಲೇ ಕಣ್ಣ ಮುಂದೆ ಬರುತ್ತವೆ.

ಇಲ್ಲಿಂದ ಊರಿಗೆ ಇಪ್ಪತ್ತು ನಿಮಿಷದ ನಡಿಗೆ. ತೊರೆ ಪಕ್ಕದಲ್ಲಿ ಹಿರಿಯರು ಯಾರಾದರೂ ಸಿಕ್ಕರೆ ಮಾತಾಡಿಸಿ. "ಇದು ಲ್ಯಾಂಕಾಶೈರ್ ಅಲ್ವಾ?" ಅಂತ ಮಾತ್ರ ಶುರು ಮಾಡಬೇಡಿ. "ನೀವು ಹುಟ್ಟಿದಾಗ ಇದು ಯಾವ ಕೌಂಟಿ?" ಅಂತ ಕೇಳಿ. ವಾಪಸ್ ರೈಲಿಗೆ ಒಂದೆರಡು ಗಂಟೆ ಜಾಸ್ತಿಯೇ ಇಟ್ಟುಕೊಂಡಿರಿ, ಉತ್ತರ ಚಿಕ್ಕದಾಗಿರುವುದಿಲ್ಲ.