ವಸಂತದಲ್ಲಿ ಪಾರ್ಕಿನ ಹಕ್ಕಿಗಳ ಫೋಟೊ: ಮೊದಲು ಕೊಂಬೆ ಹುಡುಕಿ

ವಸಂತ ಬಂತೆಂದರೆ ಎಷ್ಟೋ ಜಾತಿಯ ಗಂಡುಹಕ್ಕಿಗಳು ತಮ್ಮ ಜಾಗ ಕಾಯಲು ಗೊತ್ತಾದ ಒಂದೆರಡು ಕೊಂಬೆಗಳ ಮೇಲೆಯೇ ಕೂತು ಹಾಡುತ್ತವೆ. ಹಾಗಾಗಿ ಹಕ್ಕಿಯ ಹಿಂದೆ ಅಲೆಯುವುದು ಬಿಟ್ಟು ಕೊಂಬೆ ಹುಡುಕಿ. ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ. ಯಾವ ಹಕ್ಕಿ ಎಲ್ಲಿಗೆ ಮರಳಿ ಬರುತ್ತದೆಂದು ಅರ್ಧ ಗಂಟೆ ನೋಡಿ ಸಾಕು.

ಮರುದಿನ ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆಯೊಳಗೆ, ಬಿಸಿಲು ನಿಮ್ಮ ಬೆನ್ನಿಗೆ ಬೀಳುವಂತೆ ನಿಲ್ಲಿ. ಬಿಸಿಲೇರಿದ ಮೇಲೆ ನೆಲದ ಕಾವಿಗೆ ಗಾಳಿ ನಡುಗಿ, ದೂರದ ಹಕ್ಕಿಯ ಪುಕ್ಕಗಳೆಲ್ಲ ಕಲಸಿಹೋಗುತ್ತವೆ. ಎಂಥ ಲೆನ್ಸ್ ಇದ್ದರೂ ಅದಕ್ಕೆ ಮದ್ದಿಲ್ಲ. ಕೊಂಬೆಯ ಹಿಂದೆ ಹತ್ತು ಮೀಟರಾದರೂ ಬಯಲಿದ್ದರೆ ಹಿನ್ನೆಲೆ ನುಣ್ಣಗೆ ಕರಗುತ್ತದೆ. ಎಲೆಗಳ ಸಂದಿನಲ್ಲಿ ಇಣುಕುವ ಬಿಳಿ ಆಕಾಶದ ಚೂರು ಹಕ್ಕಿಯ ತಲೆಗೇ ಅಂಟಿಕೊಂಡಿದೆಯೇ? ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಅಲ್ಲಿಗೆ ಹಸಿರು ಬರುತ್ತದೆ.

ಲೆನ್ಸಿನ ಫೋಕಲ್ ಲೆಂತ್ (ದೂರದ್ದನ್ನು ಎಷ್ಟು ಹತ್ತಿರ ತೋರಿಸುತ್ತದೆಂಬ ಅಳತೆ) 300 ಮಿ.ಮೀ. ಇದ್ದರೆ ಶುರುಮಾಡಬಹುದು, 400 ಇದ್ದರೆ ನಿರಾಳ. ಮ್ಯಾನ್ಯುವಲ್ ಮೋಡ್‌ನಲ್ಲಿ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಂಡಿ) ಪೂರ್ತಿ ತೆರೆದು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋಗೆ ಬಿಡಿ. ಮಿತಿ 6400 ಇರಲಿ. ಕೂತ ಹಕ್ಕಿಗೆ ಶಟರ್ ವೇಗ 1/500 ಸೆಕೆಂಡ್, ಚಡಪಡಿಸುವ ಪುಟ್ಟ ಹಕ್ಕಿಗೆ 1/1000, ಹಾರಾಟಕ್ಕೆ 1/2000. ಫೋಕಸ್ ಕಂಟಿನ್ಯುಯಸ್‌ನಲ್ಲಿರಲಿ, ಹಕ್ಕಿ ಅಲುಗಿದರೂ ಅದು ಹಿಂಬಾಲಿಸುತ್ತದೆ. ಕಣ್ಣು ಗುರುತಿಸುವ ಸೌಲಭ್ಯ ಇಲ್ಲದಿದ್ದರೆ ಒಂದೇ ಪಾಯಿಂಟ್ ಆರಿಸಿ ಕಣ್ಣಿನ ಮೇಲಿಡಿ. ಆಕಾಶದೆದುರು ಕೂತ ಹಕ್ಕಿ ಕಪ್ಪು ಮುದ್ದೆಯಾಗುತ್ತದೆ, ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಮಟ್ಟ) ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಏರಿಸಿ. ಕಡು ನೆರಳಿನ ಮುಂದೆ ಬಿಸಿಲಿಗೆ ನಿಂತ ಬೆಳ್ಳಕ್ಕಿಗೆ ಒಂದು ಸ್ಟಾಪ್ ಇಳಿಸಿ, ಇಲ್ಲವಾದರೆ ಗರಿಯ ಎಳೆಯೊಂದೂ ಉಳಿಯುವುದಿಲ್ಲ.

ಚಿತ್ರ ಮಸುಕಾದರೆ ಲೆನ್ಸನ್ನು ಬೈಯುವ ಮೊದಲು ದೊಡ್ಡದು ಮಾಡಿ ನೋಡಿ. ಕೊಂಬೆಯ ತೊಗಟೆ ಸ್ಪಷ್ಟವಾಗಿದ್ದು ಹಕ್ಕಿ ಪೂರ್ತಿ ಮಂಜಾಗಿದ್ದರೆ ಫೋಕಸ್ ತಪ್ಪಿದೆ. ತೊಗಟೆಯೂ ಹಕ್ಕಿಯೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿಯಿರಿ. ಕಾಲು ಸ್ಪಷ್ಟವಾಗಿದ್ದು ತಲೆ ಮಾತ್ರ ಕಲಸಿದ್ದರೆ ಹಕ್ಕಿ ತಲೆ ತಿರುಗಿಸಿದೆ, ಶಟರ್ ವೇಗ ಸಾಲಲಿಲ್ಲ. ಲೆನ್ಸಿನ ಸ್ಟೆಬಿಲೈಸೇಶನ್ ನಿಮ್ಮ ಕೈನಡುಕವನ್ನಷ್ಟೇ ತಡೆಯುತ್ತದೆ, ಹಕ್ಕಿಯ ಚಲನೆಯನ್ನಲ್ಲ. ಬಹಳ ಜನ ಎಡವುವುದು ಇಲ್ಲೇ.

ಹಾರುವ ಮುನ್ನ ಹಕ್ಕಿ ಮೈ ಮುಂದಕ್ಕೆ ಬಾಗಿಸಿ ಕಾಲು ಮಡಿಸುತ್ತದೆ, ಕೆಲವು ಹಿಕ್ಕೆಯನ್ನೂ ಹಾಕುತ್ತವೆ. ಬೆರಳು ಒತ್ತಬೇಕಾದದ್ದು ಆಗ. ರೆಕ್ಕೆ ಬಿಚ್ಚುವ ತನಕ ಕಾದರೆ ಸಿಗುವುದು ಬರೀ ಕೊಂಬೆ.

ರೆಕಾರ್ಡ್ ಮಾಡಿದ ಕೂಗು ಹಾಕಿ ಹಕ್ಕಿಯನ್ನು ಕರೆಯಲೇಬೇಡಿ. ಎದುರಾಳಿ ಬಂದನೆಂದು ಅದು ಮೇವು ಬಿಟ್ಟು ಹೋರಾಟಕ್ಕೆ ನಿಲ್ಲುತ್ತದೆ. ಗೂಡಿನ ಎಲೆ ಸರಿಸಿದರೆ ಮರಿಗಳು ಬಿಸಿಲಿಗೂ ಕಾಗೆಗೂ ಬಯಲಾಗುತ್ತವೆ. ಕೊಕ್ಕಿನಲ್ಲಿ ಹುಳ ಹಿಡಿದ ತಾಯಿ ಗೂಡಿಗೆ ಇಳಿಯದೆ ಅಲ್ಲೇ ಪಕ್ಕದಲ್ಲಿ ಕೂತು ಚಿಟ್‌ಚಿಟ್ ಎನ್ನುತ್ತಿದೆಯೆಂದರೆ ನೀವು ತೀರಾ ಹತ್ತಿರವಿದ್ದೀರಿ. ಕ್ಯಾಮೆರಾ ಇಳಿಸಿ, ಅದು ಒಳಗೆ ಹೋಗುವ ತನಕ ಹಿಂದೆ ಸರಿಯುತ್ತಲೇ ಇರಿ.