ಅರ್ಧ ಅಂಕದ ಲೆಕ್ಕ: ಸೆಮಿಸ್ಟರ್ ಗ್ರೇಡನ್ನು ನೀವೇ ತಾಳೆ ನೋಡುವ ಬಗೆ

ಮರುಎಣಿಕೆಗೆ ಶುಲ್ಕ ಕಟ್ಟುವ ಮೊದಲು, ದಶಮಾಂಶದಲ್ಲಿ ಬಂದ ಅಂಕವನ್ನು ಯಾವ ಹಂತದಲ್ಲಿ ಪೂರ್ಣಾಂಕಕ್ಕೆ ಏರಿಸುತ್ತಾರೆ ಎಂಬುದನ್ನು ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿಯಲ್ಲಿ ಹುಡುಕಿ ಓದಿಕೊಳ್ಳಿ. ಬಹುತೇಕ ಗೊಂದಲ ಹುಟ್ಟುವುದೇ ಅಲ್ಲಿ.

ಒಂದು ವಿಷಯದಲ್ಲಿ 50ಕ್ಕೆ ನಿಮ್ಮ ಆಂತರಿಕ ಅಂಕ 39.5 ಇದ್ದು, 100 ಅಂಕಗಳ ಅಂತಿಮ ಪರೀಕ್ಷೆಯಲ್ಲಿ ಪಡೆದ 59 ಅನ್ನು ಅರ್ಧಕ್ಕೆ ಇಳಿಸಿದಾಗ 29.5 ಬಂದಿದೆ ಎನ್ನೋಣ. ಎರಡನ್ನೂ ಬೇರೆಬೇರೆಯಾಗಿ ಪೂರ್ಣಾಂಕಕ್ಕೆ ಏರಿಸಿದರೆ 40 ಮತ್ತು 30 ಸೇರಿ 70 ಆಗುತ್ತದೆ. ಮೊದಲೇ ಕೂಡಿಸಿದರೆ ಸಿಗುವುದು 69 ಮಾತ್ರ. 70ರಿಂದ ಮೇಲಿನ ಗ್ರೇಡ್ ಆರಂಭವಾಗುವ ಪದ್ಧತಿಯಲ್ಲಿ ಈ ಒಂದು ಅಂಕದಿಂದ ಗ್ರೇಡ್ ಪಾಯಿಂಟ್ 8ರಿಂದ 7ಕ್ಕೆ ಇಳಿದು, ಆ ವಿಷಯಕ್ಕೆ 4 ಹಾಗೂ ಸೆಮಿಸ್ಟರಿಗೆ ಒಟ್ಟು 20 ಕ್ರೆಡಿಟ್ (ವಿಷಯದ ತೂಕವನ್ನು ಸೂಚಿಸುವ ಅಂಕಿ) ಇದ್ದಲ್ಲಿ, ಎಸ್‌ಜಿಪಿಎ (ಆ ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್) 0.20ರಷ್ಟು ಕುಸಿಯುತ್ತದೆ. ಅರ್ಧ ಅಂಕಕ್ಕೆ ಇದು ದುಬಾರಿ ಬೆಲೆಯೇ ಸರಿ.

ಎಸ್‌ಜಿಪಿಎ ಮತ್ತು ಸಿಜಿಪಿಎ (ಎಲ್ಲ ಸೆಮಿಸ್ಟರುಗಳ ಒಟ್ಟು ಸರಾಸರಿ) ಎರಡನ್ನೂ ಎರಡು ದಶಮಾಂಶ ಸ್ಥಾನಗಳಿಗೆ ಹೊಂದಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ) ಮಾರ್ಗಸೂಚಿ ಹೇಳುವುದರಿಂದ, 7.746 ಎಂಬುದು 7.75 ಆಗಬಹುದೇ ಹೊರತು 8 ಆಗದು. ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವವರು ಒಂದನ್ನು ಗಮನಿಸಬೇಕು: ದಶಮಾಂಶ ಸ್ಥಾನಗಳನ್ನು ಕಡಿಮೆ ಮಾಡಿದರೆ ಕಾಣುವ ಅಂಕಿಯಷ್ಟೇ ಬದಲಾಗುತ್ತದೆ, ಕೋಶದೊಳಗಿನ ಸಂಖ್ಯೆ ಹಾಗೆಯೇ ಉಳಿಯುತ್ತದೆ, ಅದಕ್ಕೆ ರೌಂಡ್ ಸೂತ್ರವನ್ನೇ ಬಳಸಿ. ಆಮೇಲೂ ತಾಳೆಯಾಗದಿದ್ದರೆ ನಿಯಮದ ಸಂಖ್ಯೆಯನ್ನು ನಮೂದಿಸಿ, ಲೆಕ್ಕದ ಹಾಳೆಯನ್ನು ಲಗತ್ತಿಸಿ, ಪರೀಕ್ಷಾ ವಿಭಾಗಕ್ಕೆ ಲಿಖಿತ ಅರ್ಜಿ ಕೊಡಿ.